ಹೆಣ ಬಿದ್ದರೆ ಮಾತ್ರ ಕುಂಚ ಓಡುವ ಕಲಾವಿದ: ಭಯ ಮತ್ತು ನಗೆ ಬೆರೆತ ಕಿರುಚಿತ್ರ ಬರೆಯುವ ಬಗೆ

ದಾವಣಗೆರೆಯ ಯಾವ ಸರ್ಕಲ್ಲಿನಲ್ಲಿ ನಿಂತು ತಲೆ ಎತ್ತಿದರೂ ಒಂದಲ್ಲ ಒಂದು ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಅದರ ಕೆಳಗೇ ಮಿರ್ಚಿ ಗಾಡಿ ನಿಂತಿರುತ್ತದೆ. ಮಂಡಕ್ಕಿ ಪೊಟ್ಟಣ ಹಿಡಿದವರು ತೀರಿಹೋದವರ ಮುಖ ನೋಡುತ್ತಲೇ ಮಿರ್ಚಿ ಕಚ್ಚುತ್ತಾರೆ, ವಯಸ್ಸೆಷ್ಟಾಗಿತ್ತು ಎಂದು ಕೇಳುತ್ತಾರೆ, ಇನ್ನೊಂದು ಪ್ಲೇಟ್ ಹೇಳುತ್ತಾರೆ. ಹೆದರಿಸುತ್ತಲೇ ನಗಿಸುವ ಕಥೆ ಬರೆಯಲು ಹೊರಟವರು ಬಂಗಲೆ, ಬಾವಲಿ, ಬಿಳಿ ಸೀರೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಾವಿನ ಪಕ್ಕದಲ್ಲೇ ಬಾಯಿ ಚಪ್ಪರಿಸುವ ಈ ನಮ್ಮ ಅಭ್ಯಾಸವನ್ನು ಸರಿಯಾಗಿ ನೋಡಿದರೆ ಸಾಕು.

ಸ್ಫೂರ್ತಿ ಬತ್ತಿದ ಕಲಾವಿದನೊಬ್ಬ ಅದನ್ನು ಅರಸುತ್ತ ಹೋಗಿ ಹೆಣಗಳ ನಡುವೆ ತಲುಪುವ ಕಥೆಯನ್ನು ಸುಮಾರು 20 ನಿಮಿಷದ ಕಿರುಚಿತ್ರವಾಗಿ ಬರೆಯುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ರೂಢಿಯ ಲೆಕ್ಕ ಹಿಡಿದರೆ ಚಿತ್ರಕಥೆ 20 ಪುಟ ದಾಟಬಾರದು. ಗೆಳೆಯರ ಜೊತೆ ಸೇರಿ ಇಂಥದ್ದೊಂದನ್ನು ಮಾಡಹೋಗಿ ಒಮ್ಮೆ ಕೆಟ್ಟು, ಮತ್ತೊಮ್ಮೆ ಬರೆದು ತಕ್ಕಮಟ್ಟಿಗೆ ಗೆದ್ದವನಾದ್ದರಿಂದ ಕೆಟ್ಟದ್ದನ್ನೂ ಮರೆಮಾಚದೆ ಹೇಳುತ್ತೇನೆ.

ಮೊದಲು ಅವನ ಕಸುಬನ್ನು ಗೊತ್ತು ಮಾಡಿಕೊಳ್ಳಿ

ಉದ್ದ ಕೂದಲು ಬಿಟ್ಟು, ಜುಬ್ಬಾ ತೊಟ್ಟು, ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಡುವ ಕಲಾವಿದನನ್ನು ದಯವಿಟ್ಟು ಕೈಬಿಡಿ. ಅಂಥವನಿಗೆ ಸ್ಫೂರ್ತಿ ಬಾರದಿದ್ದರೆ ಯಾರ ಗಂಟು ಹೋಯಿತು? ಸ್ಫೂರ್ತಿ ಬಾರದಿದ್ದರೆ ಮಳಿಗೆಯ ಬಾಡಿಗೆ ಕಟ್ಟಲಾಗದವನನ್ನು ಆರಿಸಿಕೊಂಡರೆ ಕಥೆ ತಾನಾಗಿಯೇ ಮುಂದಕ್ಕೆ ನಡೆಯುತ್ತದೆ.

ನಾನು ಆರಿಸಿಕೊಂಡವನ ಹೆಸರು ಹಾಲೇಶ. ಪಿ.ಬಿ. ರಸ್ತೆಯಿಂದ ಒಳಕ್ಕೆ ಹೊರಳಿದ ಓಣಿಯೊಂದರಲ್ಲಿ ಬೋರ್ಡ್ ಬರೆಯುವವನು, ಐವತ್ತು ದಾಟಿದವನು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳೂ ಗೋಡೆ ಜಾಹೀರಾತುಗಳೂ ಹೋದವು. ತೀರಿಹೋದವರ ಭಾವಚಿತ್ರವನ್ನು ಕೈಯಲ್ಲೇ ಬರೆಸಬೇಕೆನ್ನುವ ಹಳೆಯ ಮನೆತನಗಳಷ್ಟೇ ಅವನಿಗೆ ಉಳಿದಿವೆ. ಅಂದರೆ ನಮ್ಮ ಕಲಾವಿದನ ಅನ್ನ ಸಾವಿನಿಂದ ಬರುತ್ತದೆ ಎಂಬುದು ಕಥೆ ಶುರುವಾಗುವ ಮೊದಲೇ ತೀರ್ಮಾನವಾಗಿದೆ. ಇನ್ನು ಅವನಿಗೆ ದುಷ್ಟಬುದ್ಧಿ ಬಂದದ್ದು ಹೇಗೆಂದು ಪ್ರತ್ಯೇಕವಾಗಿ ವಿವರಿಸುವ ಕೆಲಸ ನಿಮಗಿರುವುದಿಲ್ಲ.

ಕಸುಬನ್ನು ತೋರಿಸುವಾಗ ಅವಸರ ಬೇಡ. ಮನೆಯವರು ತಂದುಕೊಟ್ಟ ಪಾಸ್‌ಪೋರ್ಟ್ ಅಳತೆಯ ಫೋಟೊದ ಮೇಲೆ ಅವನು ಪೆನ್ಸಿಲಿನಿಂದ ಸಣ್ಣ ಚೌಕಗಳನ್ನು ಎಳೆಯುತ್ತಾನೆ. ದೊಡ್ಡ ಹಲಗೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳಿಗಾಗಿ ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡು ತುದಿಯನ್ನೂ ಬಿಗಿದು, ನಡುವೆ ಎತ್ತಿ ಬಿಡುತ್ತಾನೆ. ದಾರ ಪಟ್ಟೆಂದು ಬಡಿದು ಬಿಳಿಯ ಗೆರೆ ಮೂಡುತ್ತದೆ. ಆಮೇಲೆ ಒಂದು ಚೌಕದಲ್ಲಿ ಮೂಗಿನ ತುದಿ, ಇನ್ನೊಂದರಲ್ಲಿ ಕಿವಿಯ ಅರ್ಧ, ಮತ್ತೊಂದರಲ್ಲಿ ಬರೀ ಕೆನ್ನೆ. ಮನುಷ್ಯನನ್ನು ತುಂಡು ತುಂಡಾಗಿ ನೋಡುವುದು ಅವನ ಅಭ್ಯಾಸ ಎಂಬುದನ್ನು ಈ ಒಂದು ನಿಮಿಷದಲ್ಲಿ ನೋಡುಗನಿಗೆ ದಾಟಿಸಿಬಿಟ್ಟರೆ, ಹದಿನೈದನೆಯ ನಿಮಿಷದಲ್ಲಿ ಅವನು ಕಿರಾಣಿ ಅಂಗಡಿಯವನ ಮುಖವನ್ನು ಹಾಗೆಯೇ ದಿಟ್ಟಿಸುವಾಗ ಸಂಗೀತವಿಲ್ಲದೆಯೂ ಮೈ ಜುಂ ಎನ್ನುತ್ತದೆ. ಆ ದಾರ ಬಡಿಯುವ ಸದ್ದನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದೇ ನಿಮ್ಮ ಹಿನ್ನೆಲೆ ಸಂಗೀತ.

ಮೂರು ಸಾವುಗಳನ್ನು ಮೆಟ್ಟಿಲಾಗಿ ಜೋಡಿಸಿ

ಕಥೆಯ ಬೆನ್ನುಮೂಳೆಯಾದ್ದರಿಂದ ಹೆಚ್ಚು ಸಮಯ ಬೇಡುವ ಹಂತ ಇದು. ಮೊದಲ ಸಾವು ದೇವರ ಕೈಯದು, ಎರಡನೆಯದು ಕಾಕತಾಳೀಯ, ಮೂರನೆಯದು ಮಾತ್ರ ಹಾಲೇಶನ ಕೈಯದು ಎಂದು ವಿಭಾಗಿಸಿಕೊಳ್ಳಿ.

ಮೊದಲನೆಯದರಲ್ಲಿ ಎಂಬತ್ತು ದಾಟಿದ ಸಾವ್ಕಾರರೊಬ್ಬರು ತಮ್ಮ ಭಾವಚಿತ್ರವನ್ನು ತಾವಿರುವಾಗಲೇ ಬರೆಸಿಡಲು ಬರುತ್ತಾರೆ, ಏಕೆಂದರೆ ಸತ್ತ ಮೇಲೆ ಮಕ್ಕಳು ಅವಸರದಲ್ಲಿ ಚೌಕಾಸಿ ಮಾಡದೆ ದುಡ್ಡು ಕೊಟ್ಟುಬಿಡುತ್ತಾರೆಂಬ ಚಿಂತೆ ಅವರಿಗೆ. ಹಾಲೇಶ ಎಂಟು ದಿನ ತಿಣುಕಿದರೂ ಹಲಗೆಯ ಮೇಲಿನ ಮುಖ ಹಿಟ್ಟಿನ ಮುದ್ದೆಯಂತೆಯೇ ಉಳಿಯುತ್ತದೆ. ಒಂಬತ್ತನೆಯ ದಿನ ಸಾವ್ಕಾರರು ಮಲಗಿದಲ್ಲೇ ತೀರಿಕೊಳ್ಳುತ್ತಾರೆ. ಆ ಸುದ್ದಿ ಕೇಳಿದ ರಾತ್ರಿ ಅವನ ಕೈ ತಾನಾಗಿ ಓಡುತ್ತದೆ. ಮೂರನೆಯ ದಿನದ ಕಾರ್ಯಕ್ಕೆ ಬಂದವರೆಲ್ಲ ಹೆಣ್ಣುಮಕ್ಕಳ ಅಳುವನ್ನೂ ಲೆಕ್ಕಿಸದೆ ಚಿತ್ರದ ಮುಂದೆ ಗುಂಪುಗೂಡಿ, “ಥೇಟ್ ಯಜಮಾನ್ರು ಎದ್ದು ಬಂದಂಗೈತೆ ನೋಡ್ರಿ” ಎನ್ನುತ್ತಾರೆ. ಮೂವತ್ತು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಹೊಗಳಿದ್ದಿಲ್ಲ. ನಿಮ್ಮ ಕಥೆಯ ಭೂತ ಹುಟ್ಟುವುದು ಈ ಗಳಿಗೆಯಲ್ಲಿ, ಮತ್ತು ಆ ಭೂತದ ಹೆಸರು ಹೊಗಳಿಕೆಯ ಹಸಿವು. ಬೇರೆ ದೆವ್ವ ಖಂಡಿತ ಬೇಡ.

ಎರಡನೆಯದನ್ನು ಒಂದೂವರೆ ಪುಟದಲ್ಲಿ ಮುಗಿಸಿ. ಬರೆಯುತ್ತಿದ್ದ ಚಿತ್ರ, ಅರ್ಧಕ್ಕೆ ನಿಂತ ಕೈ, ಅಷ್ಟರಲ್ಲಿ ಬಂದ ಸುದ್ದಿ, ಓಡಿದ ಕುಂಚ, ಇನ್ನಷ್ಟು ಹೊಗಳಿಕೆ. ನೋಡುಗನಿಗೆ ನಿಯಮ ಅರ್ಥವಾದರೆ ಸಾಕು.

ಎರಡನೆಯ ಮತ್ತು ಮೂರನೆಯ ಸಾವಿನ ನಡುವಿನ ಕಾಯುವಿಕೆಯಲ್ಲೇ ನಗೆಯ ಬಹುಪಾಲು ಅಡಗಿರುವುದರಿಂದ ಅಲ್ಲಿ ಕೈ ಬಿಗಿ ಹಿಡಿಯಬೇಡಿ. ಓಣಿಯಲ್ಲಿ ಯಾರೂ ಸಾಯುವುದಿಲ್ಲ. ಹಾಲೇಶ ದಿನಾ ಬೆಳಿಗ್ಗೆ ಕಟ್ಟೆಯ ಮೇಲಿನ ಅಜ್ಜಂದಿರನ್ನು ಮಾತಾಡಿಸುತ್ತಾನೆ. “ಅಜ್ಜಾರೆ, ಕೆಮ್ಮು ಹೆಂಗೈತ್ರಿ?” ಎಂದು ಕೇಳುವಾಗ ಅವನ ದನಿಯಲ್ಲಿ ಆಸೆ, “ಕಡಿಮಿ ಆತಪ್ಪ, ಕಷಾಯ ಕುಡಿದೆ” ಎಂಬ ಉತ್ತರ ಬಂದಾಗ ಅವನ ಮುಖ ಬಾಡುತ್ತದೆ. ಆಸ್ಪತ್ರೆಯಿಂದ ಚೇತರಿಸಿಕೊಂಡು ಬಂದವರಿಗೆ ಓಣಿಯವರೆಲ್ಲ ಹಾರ ಹಾಕುವಾಗ ಅವನೊಬ್ಬ ಹಿಂದೆ ನಿಂತು ಹಾರದ ಅಳತೆಯನ್ನು ಚೌಕಟ್ಟಿಗೆ ಹೋಲಿಸುತ್ತಾನೆ. ಕೊನೆಗೆ ಮಂತ್ರವಾದಿಯೊಬ್ಬನ ಹತ್ತಿರ ಹೋದರೆ ಅವನು ಕೈಮುಗಿದು, “ಈಗ ಕಾಯ್ದೆ ಬಂದೈತೆ ಸ್ವಾಮಿ, ನಿಂಬೆಹಣ್ಣಿಗಿಂತ ಮುಂದಕ್ಕೆ ನಾ ಹೋಗಂಗಿಲ್ಲ” ಎಂದು ವಾಪಸ್ ಕಳಿಸುತ್ತಾನೆ. ವಾಮಾಚಾರದ ವಿರುದ್ಧ ರಾಜ್ಯದಲ್ಲಿ 2017ರ ಕಾಯ್ದೆ ಇರುವುದು ನಿಜವಾದ್ದರಿಂದ ಚಿತ್ರಕಥೆಯನ್ನು ಓದಿ ಹೇಳಿದಾಗ ಈ ಮಾತಿಗೆ ದೊಡ್ಡ ನಗೆ ಬಿತ್ತು. ಮಾಟಮಂತ್ರವನ್ನು ಕಥೆಯ ಕಾರಣವಾಗಿ ತಂದರೆ ಕಲಾವಿದನ ಪಾಪ ಹಗುರಾಗುತ್ತದೆ. ಹೀಗೆ ಬಾಗಿಲಲ್ಲೇ ತಡೆದರೆ ಆ ಪಾಪ ಪೂರ್ತಿ ಅವನ ಹೆಗಲಿಗೇ ಬೀಳುತ್ತದೆ.

ಮೂರನೆಯ ಸಾವನ್ನು ತೋರಿಸಬೇಡಿ. ಬೇರೊಬ್ಬ ಹತ್ತಿದ ಏಣಿಯನ್ನು ಕೆಳಗೆ ಹಿಡಿದುಕೊಂಡಿದ್ದ ಹಾಲೇಶ ಕೈ ಬಿಟ್ಟ, ಅಷ್ಟೇ. ಅವನು ತಳ್ಳಲಿಲ್ಲ ಎಂಬುದೇ ಆಮೇಲೆ ಅವನ ವಾದವಾಗುತ್ತದೆ, ಮತ್ತು ಆ ವಾದವನ್ನು ಅವನು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳುತ್ತ ತಿರುಗುತ್ತಾನೆ.

ಹೆದರುವವನು ಒಬ್ಬ, ನಗುವವನು ಇನ್ನೊಬ್ಬ

ಭಯ ಮತ್ತು ನಗೆ ಒಂದಕ್ಕೊಂದು ಹೊಂದುವುದಿಲ್ಲವೆಂದು ಕಾವ್ಯಶಾಸ್ತ್ರ ಬರೆದ ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ಗುರುತಿಸಿದ್ದರು. ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳೆಂದು ಅವರ ಪಟ್ಟಿಯಲ್ಲಿದೆ. ಆದರೆ ಅದಕ್ಕೆ ಪರಿಹಾರವನ್ನೂ ಅವರೇ ಕೊಟ್ಟಿದ್ದಾರೆ. ವಿರೋಧಿ ರಸಗಳೆರಡನ್ನು ಒಂದೇ ಆಶ್ರಯದಲ್ಲಿ, ಅಂದರೆ ಒಬ್ಬನೇ ವ್ಯಕ್ತಿಯಲ್ಲಿ ಇಡದೆ ಬೇರೆ ಬೇರೆಯವರಲ್ಲಿ ಇಟ್ಟರೆ, ಇಲ್ಲವೆ ನಡುವೆ ಮೂರನೆಯ ರಸವೊಂದನ್ನು ತಂದರೆ ಘರ್ಷಣೆ ತಪ್ಪುತ್ತದೆ ಎಂದು ಒಂಬತ್ತನೆಯ ಶತಮಾನದ ಆನಂದವರ್ಧನ ಹೇಳಿದ್ದಾನೆ. ಸಾವಿರ ವರ್ಷಕ್ಕೂ ಹಳೆಯ ಈ ಸೂಚನೆಗಿಂತ ಉಪಯುಕ್ತವಾದದ್ದು ನನಗೆ ಚಿತ್ರಕಥೆಯ ಯಾವ ತರಬೇತಿಯಲ್ಲೂ ಸಿಗಲಿಲ್ಲ.

ಬರೆಯುವಾಗ ಇದನ್ನು ಹೀಗೆ ಬಳಸಬಹುದು. ಪ್ರತಿ ದೃಶ್ಯದ ಅಂಚಿನಲ್ಲಿ ಎರಡು ಸಾಲು ಗುರುತು ಹಾಕಿ: ಇಲ್ಲಿ ಯಾರು ಹೆದರುತ್ತಿದ್ದಾರೆ, ಯಾರು ನಗುತ್ತಿದ್ದಾರೆ. ಎರಡಕ್ಕೂ ಒಂದೇ ಹೆಸರು ಬಂದರೆ ಆ ದೃಶ್ಯ ಕೆಟ್ಟಿತೆಂದೇ ತಿಳಿಯಿರಿ. ಹೆದರುತ್ತಿರುವ ಪಾತ್ರ ತಾನೇ ಜೋಕು ಹೇಳಿದರೆ ಭಯ ಸಾಯುತ್ತದೆ, ಜೋಕೂ ಉಳಿಯುವುದಿಲ್ಲ. ಹಾಲೇಶ ಚಿತ್ರದುದ್ದಕ್ಕೂ ಒಮ್ಮೆಯೂ ನಗಬಾರದು, ನಗಿಸಲು ಯತ್ನಿಸಲೂಬಾರದು. ಅವನು ತನ್ನ ಕಲೆಯ ಬಗ್ಗೆ ದೇವರ ಪೂಜೆಯಷ್ಟು ಗಂಭೀರವಾಗಿದ್ದಷ್ಟೂ ನೋಡುಗನಿಗೆ ನಗೆ ಬರುತ್ತದೆ, ನಕ್ಕದ್ದಕ್ಕೆ ಅಳುಕೂ ಆಗುತ್ತದೆ.

ನಮ್ಮೂರಿನ ಬರಹಗಾರರು ಜಾರುವುದು ಇಲ್ಲೇ. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಊರು ನಮ್ಮದು. ಕಂಪನಿ ನಾಟಕಗಳಲ್ಲಿ ಗಂಭೀರ ದೃಶ್ಯವೊಂದು ಮುಗಿದ ಮೇಲೆ ಹಾಸ್ಯ ಪಾತ್ರಗಳು ಬೇರೆಯೇ ಪರದೆಯ ಮುಂದೆ ಬಂದು ನಗಿಸಿ ಹೋಗುವ ಪದ್ಧತಿ ನಮ್ಮ ರಕ್ತದಲ್ಲಿದೆ. ಆ ಪದ್ಧತಿ ಅಲ್ಲಿಗೆ ಚೆನ್ನ. ನಮ್ಮ ಕೆಲಸಕ್ಕೆ ಅದು ಒಗ್ಗುವುದಿಲ್ಲ, ಏಕೆಂದರೆ ಇಲ್ಲಿ ನಗಿಸುವ ಸಂಗತಿಯೂ ಹೆದರಿಸುವ ಸಂಗತಿಯೂ ಒಂದೇ ಆಗಿರಬೇಕು. ನನ್ನ ಮೊದಲ ಕರಡಿನಲ್ಲಿ ಒಬ್ಬ ಕುಡುಕನನ್ನು ಹಾಸ್ಯಕ್ಕೆಂದೇ ಇಟ್ಟಿದ್ದೆ. ಹನ್ನೊಂದು ಜನರ ಮುಂದೆ ಓದಿದಾಗ ಕುಡುಕನ ಮಾತಿಗೆ ಒಬ್ಬರೂ ನಗಲಿಲ್ಲ. ಹೆಣದ ಪಕ್ಕ ಕೂತು ಮಗ ಚೌಕಟ್ಟಿನ ರೇಟು ಚೌಕಾಸಿ ಮಾಡುವಲ್ಲಿ ಎಲ್ಲರೂ ನಕ್ಕರು. ಅಂದೇ ಕುಡುಕನನ್ನು ತೆಗೆದುಹಾಕಿದೆ.

ಚಿತ್ರಕಾರನ ಕಥೆಯಾದ್ದರಿಂದ ಇನ್ನೊಂದು ಸಣ್ಣ ಉಪಾಯ. ಭರತನ ನಾಟ್ಯಶಾಸ್ತ್ರವು ಒಂದೊಂದು ರಸಕ್ಕೆ ಒಂದೊಂದು ಬಣ್ಣ ಹೇಳುತ್ತದೆ: ಹಾಸ್ಯಕ್ಕೆ ಬಿಳಿ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ರೌದ್ರಕ್ಕೆ ಕೆಂಪು. ಮಳಿಗೆಯಲ್ಲಿ ಕಾಣುವ ಬಣ್ಣದ ಡಬ್ಬಿಗಳನ್ನು ಈ ಕ್ರಮದಲ್ಲಿ ಒಂದೊಂದಾಗಿ ತೆರೆಸುತ್ತ ಹೋದರೆ ಕ್ಯಾಮೆರಾದವರಿಗೂ ಕಲಾ ನಿರ್ದೇಶಕರಿಗೂ ಸೂತ್ರ ಸಿಕ್ಕಂತಾಗುತ್ತದೆ. ನೋಡುಗರಿಗೆ ಇದು ಗೊತ್ತಾಗಬೇಕೆಂದೇನೂ ಇಲ್ಲ.

ಕಣ್ಣನ್ನು ಕೊನೆಗೆ ಬರೆಸಿ

ವಿಗ್ರಹ ಕೆತ್ತುವವರು ಕಣ್ಣು ತೆರೆಯುವ ಕೆಲಸವನ್ನು ಕೊನೆಗೆ ಉಳಿಸುತ್ತಾರೆ. ನೇತ್ರೋನ್ಮೀಲನವಾದ ಕೂಡಲೇ ಆ ದೃಷ್ಟಿ ಮನುಷ್ಯರ ಮೇಲೆ ನೇರವಾಗಿ ಬೀಳಬಾರದೆಂದು ಕನ್ನಡಿಯನ್ನೋ ಹಸುವನ್ನೋ ಎದುರಿಗೆ ತರುವ ಸಂಪ್ರದಾಯವೂ ಇದೆ. ಈ ನಂಬಿಕೆಯನ್ನು ಬೋರ್ಡ್ ಬರೆಯುವವನ ಮಳಿಗೆಗೆ ತಂದರೆ ನಿಮಗೆ ಪುಕ್ಕಟೆಯಾಗಿ ಒಂದು ಗಡಿಯಾರ ಸಿಗುತ್ತದೆ: ಕಣ್ಣಿಲ್ಲದ ಮುಖ ಎಂದರೆ ಇನ್ನೂ ಬದುಕಿರುವವರು, ಕಣ್ಣು ಬಂದಿತೆಂದರೆ ಮುಗಿಯಿತು. ಎರಡನೆಯ ಸಾವಿನ ನಂತರ ಓಣಿಯ ಹತ್ತಾರು ಜನರ ಕಣ್ಣಿಲ್ಲದ ಮುಖಗಳು ಗೋಡೆಗೆ ಒರಗಿಕೊಂಡು ನಿಂತಿರುವುದನ್ನು ಒಂದೇ ಒಂದು ಸಲ ತೋರಿಸಿ. ನಮ್ಮ ಚಿತ್ರದಲ್ಲಿ ಬಾಡಿಗೆ ಕೇಳಲು ಬಂದ ಮಾಲೀಕ ಅಲ್ಲಿ ತನ್ನ ಮುಖವನ್ನೂ ಕಂಡು, ಎರಡು ಗಳಿಗೆ ಸುಮ್ಮನೆ ನಿಂತು, “ಬಾಡಿಗಿ ಅವಸರ ಇಲ್ಲ ಬಿಡೋ ಹಾಲೇಶ” ಎಂದು ಹಿಂದೆ ಸರಿಯುತ್ತಾನೆ.

ಜಾಗ ಆರಿಸುವುದು

ಎಲ್ಲರ ಮನಸ್ಸೂ ಚಿತ್ರದುರ್ಗದತ್ತ ಓಡುತ್ತದೆ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್, ಏಳು ಸುತ್ತಿನ ಕೋಟೆ, ಬಂಡೆ, ಹೊಂಡ, ಕತ್ತಲು. ಏನು ಬೇಕೋ ಎಲ್ಲ ಇದೆ. ಆದರೂ ಬೇಡ ಎನ್ನುತ್ತೇನೆ. ಮೊದಲನೆಯದಾಗಿ ಅದು ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ಅದಕ್ಕಿಂತ ಮುಖ್ಯವಾಗಿ, 1779ರಲ್ಲಿ ಹೈದರಾಲಿಗೆ ಬೀಳುವ ತನಕ ಮದಕರಿ ನಾಯಕ ಕಾದಾಡಿದ ಜಾಗ, ಓಬವ್ವ ಒನಕೆ ಎತ್ತಿದ ಕಿಂಡಿ ಇರುವ ಜಾಗ, ವೀರರಸದಲ್ಲಿ ನೆನೆದುಹೋಗಿದೆ. ಅದರೆದುರು ನಿಮ್ಮ ಬಡ ಕಲಾವಿದನ ಕ್ಷುದ್ರ ಪಾಪ ಕಾಣಿಸುವುದೇ ಇಲ್ಲ. ಅವನು ಸ್ಫೂರ್ತಿ ಹುಡುಕಲು ಒಂದು ಭಾನುವಾರ ಕೋಟೆ ಹತ್ತಿ, ಏದುಸಿರು ಬಿಟ್ಟು, ಅಲ್ಲಿ ಬಂದ ಶಾಲಾ ಮಕ್ಕಳ ಗದ್ದಲಕ್ಕೆ ಬೇಸತ್ತು, ಸಂಜೆ ಬಸ್ಸಿಗೆ ವಾಪಸಾದನೆಂದು ಅರ್ಧ ಪುಟ ಬರೆದರೆ ಸಾಕು. ಕೋಟೆಗೂ ಮರ್ಯಾದೆ, ಕಥೆಗೂ ನಗೆ.

ಇದಕ್ಕೆ ಹೊಂದುವ ಜಾಗ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿ. ಹೊಗೆ ಹಿಡಿದು ಕಪ್ಪಾದ ಗೋಡೆ, ಉರಿಯ ಕೆಂಪು ಬೆಳಕು, ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣ ಏಳುವ ಚಟಪಟ, ಜರಡಿಯಾಡಿಸುವ ಕೈ, ಬೆವರಿದ ಮೈಗೆ ಮೆತ್ತಿದ ಬಿಳಿ ಹುಡಿ. ನರಕದ ಸೆಟ್ ಹಾಕಿಸುವ ಖರ್ಚು ಉಳಿಯಿತು. ಜೊತೆಗೆ ಅದೇ ನರಕದಿಂದ ಸಂಜೆಯ ತಿಂಡಿಯೂ ಬರುತ್ತದೆ. ಭಟ್ಟಿಯವರನ್ನು ಮೊದಲೇ ಕೇಳಿ, ಅವರ ಕೆಲಸದ ಹೊತ್ತಿಗೆ ಅಡ್ಡಿಯಾಗದಂತೆ ಚಿತ್ರೀಕರಿಸಿ. ಇನ್ನೊಂದು ಎಚ್ಚರಿಕೆ: ಹಿನ್ನೆಲೆಯಲ್ಲಿ ನಿಜವಾದ ಶ್ರದ್ಧಾಂಜಲಿ ಫ್ಲೆಕ್ಸ್ ಬರದಂತೆ ನೋಡಿಕೊಳ್ಳಿ. ಯಾರದೋ ಮನೆಯ ದುಃಖ ನಿಮ್ಮ ತಮಾಷೆಯಲ್ಲಿ ಸೇರಿಕೊಳ್ಳಬಾರದು. ತಂಡದವರ ಫೋಟೊ ಹಾಕಿ ಸುಳ್ಳು ಫ್ಲೆಕ್ಸ್ ಮಾಡಿಸುವುದಾದರೆ ಅವರ ತಾಯಂದಿರ ಒಪ್ಪಿಗೆಯನ್ನೂ ಪಡೆಯುವುದು ಲೇಸು. ನಮ್ಮಲ್ಲಿ ಒಬ್ಬನ ತಾಯಿ ಅದನ್ನು ಕಂಡು ಎರಡು ದಿನ ಮಾತು ಬಿಟ್ಟಿದ್ದರು.

ನೆತ್ತರು

ಕಲಾವಿದ ರಕ್ತದಲ್ಲಿ ಚಿತ್ರ ಬರೆಯುವ ಪ್ರಸಂಗವನ್ನು ಇಡಬೇಕೆಂದು ಎಲ್ಲರಿಗೂ ಆಸೆಯಾಗುತ್ತದೆ. ಇಡಬಹುದು, ಆದರೆ ರಕ್ತ ಬಣ್ಣವಾಗಿ ನಿಲ್ಲುವುದಿಲ್ಲ ಎಂಬ ನಿಜವನ್ನು ತಿಳಿದು ಇಡಿ. ಗಾಳಿಗೆ ಬಿದ್ದ ರಕ್ತದ ಹಿಮೋಗ್ಲೋಬಿನ್ ಉತ್ಕರ್ಷಣಗೊಂಡು ಬದಲಾಗುವುದರಿಂದ ಕೆಂಪು ಕೆಲವೇ ಗಂಟೆಗಳಲ್ಲಿ ಕಂದಾಗುತ್ತದೆ. ಕಬ್ಬಿಣದ ಅಂಶವಿರುವ ಕೆಮ್ಮಣ್ಣು ಶತಮಾನಗಳ ಕಾಲ ಕೆಂಪಾಗಿಯೇ ಉಳಿಯುತ್ತದೆ. ಆದ್ದರಿಂದ ರಾತ್ರಿ ದಾಸವಾಳದಂತೆ ಕಂಡ ಚಿತ್ರ ಬೆಳಿಗ್ಗೆ ಕಾಫಿ ಚೆಲ್ಲಿದಂತಾಗಿರುತ್ತದೆ. ಕೊಲೆಗಾರನ ಶ್ರಮವೆಲ್ಲ ನೀರು ಪಾಲು. ಪಕ್ಕದ ಪೇಂಟಿನ ಅಂಗಡಿಯವನು ಅದನ್ನು ನೋಡಿ, “ಕೆಮ್ಮಣ್ಣು ಹಾಕಿದ್ರೆ ಆಗ್ತಿತ್ತಲ್ಲೋ, ಕೆಜಿಗೆ ಎಷ್ಟಾಗುತ್ತೆ ಅದು” ಎಂದರೆ ಭಯವೂ ನಗೆಯೂ ಒಂದೇ ಮಾತಿನಲ್ಲಿ ಸಿಕ್ಕವು.

ವಾಸ್ತವವೇ ಕೆಲವೊಮ್ಮೆ ನಮಗಿಂತ ಮುಂದಿರುತ್ತದೆ. ಯುರೋಪಿನಲ್ಲಿ ಈಜಿಪ್ಟಿನ ಮಮ್ಮಿಗಳನ್ನು ಅರೆದು ಮಾಡಿದ ಕಂದು ಬಣ್ಣವನ್ನು ಚಿತ್ರಕಾರರು ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ ತನ್ನ ಬಣ್ಣ ಹುಟ್ಟುವುದು ಮನುಷ್ಯರ ಹೆಣದಿಂದ ಎಂದು ತಿಳಿದ ದಿನ ಆ ಟ್ಯೂಬನ್ನು ತೋಟದಲ್ಲಿ ಗುಂಡಿ ತೋಡಿ ಹೂಳಿಸಿದ. ಬಣ್ಣದ ಟ್ಯೂಬಿಗೆ ಮಣ್ಣು ಕೊಟ್ಟ ಈ ಪ್ರಸಂಗದಲ್ಲಿ ನಮ್ಮ ಪ್ರಕಾರದ ಹದವೆಲ್ಲ ಇದೆ: ಕೆಲಸ ಅಸಂಬದ್ಧ, ಆದರೆ ಮಾಡುವವನ ಮನಸ್ಸು ಶುದ್ಧ.

ಚಿತ್ರೀಕರಣದ ರಕ್ತಕ್ಕೆ ಒಂದು ಲೋಟ ನೀರಿಗೆ ಎರಡು ಚಮಚ ಕಾರ್ನ್‌ಫ್ಲೋರ್ ಕದಡಿ, ಕುದಿಸಿ, ಆರಿದ ಮೇಲೆ ತಿನ್ನುವ ಕೆಂಪು ಬಣ್ಣವನ್ನೂ ಸ್ವಲ್ಪ ಕಾಫಿ ಡಿಕಾಕ್ಷನ್ನನ್ನೂ ಬೆರೆಸಿ. ಬೀಟ್‌ರೂಟ್ ರಸ ಕ್ಯಾಮೆರಾದಲ್ಲಿ ಗುಲಾಬಿಯಾಗಿ ಕಾಣುತ್ತದೆ. ಕುಂಕುಮ ಕಣ್ಣಿಗೆ ಬಿದ್ದರೆ ತೊಂದರೆ. ಬೆಲ್ಲದ ಪಾಕವನ್ನಂತೂ ಮುಟ್ಟಲೇಬೇಡಿ. ದಪ್ಪಗೆ, ಹೊಳಪಾಗಿ, ಎಷ್ಟು ಚೆನ್ನಾಗಿ ಬಂತೆಂದು ನಾವು ಬೆಲ್ಲವನ್ನೇ ಬಳಸಿದ್ದೆವು. ಏಣಿಯ ಕೆಳಗೆ ಹೆಣವಾಗಿ ಮಲಗಿದ್ದ ಗೆಳೆಯನ ಕುತ್ತಿಗೆಗೆ ಮೊದಲು ಒಂದು ಇರುವೆ ಬಂತು, ಐದು ನಿಮಿಷದಲ್ಲಿ ಸಾಲು ಕಟ್ಟಿತು. ಅವನು ಪಾತ್ರದಲ್ಲಿ ಎಷ್ಟು ತಲ್ಲೀನನಾಗಿದ್ದನೆಂದರೆ ಕದಲಲಿಲ್ಲ. ಕಣ್ಣಂಚಿನಿಂದ ನೀರು ಮಾತ್ರ ಇಳಿಯುತ್ತಿತ್ತು. ಆ ದೃಶ್ಯವನ್ನು ಹಾಗೆಯೇ ಇಟ್ಟುಕೊಂಡೆವು. ಅಳುವ ಹೆಣ ಎಲ್ಲಿಂದ ಬಂತೆಂದು ನೋಡಿದವರೆಲ್ಲ ಕೇಳುತ್ತಾರೆ.

ಮಾತು

ನಿರೂಪಣೆಯ ದನಿ ಬೇಡ. ಮಾತು ಓಣಿಯದಾಗಿರಲಿ, ಚಿಕ್ಕದಾಗಿರಲಿ, ಸಾವಿನ ಸುತ್ತ ನಮ್ಮಲ್ಲಿ ನಡೆಯುವ ವ್ಯವಹಾರದ ಮಾತಾಗಿರಲಿ: ಹಾರ ಎಷ್ಟು ಮೊಳ, ಊಟಕ್ಕೆ ಎಷ್ಟು ಜನ, ಚೌಕಟ್ಟಿಗೆ ಸಾಗವಾನಿಯೋ ಅಗ್ಗದ ಮರವೋ. ‘ಕಲೆ’, ‘ಸೃಷ್ಟಿ’, ‘ತುಡಿತ’ ಎಂಬ ಪದಗಳನ್ನು ಹಾಲೇಶನ ಬಾಯಿಗೆ ಒಮ್ಮೆಯೂ ಕೊಡಬೇಡಿ. ಸ್ಫೂರ್ತಿ ಎಂಬ ಪದಕ್ಕೂ ಅವನಲ್ಲಿ ಬೇರೆ ಮಾತಿದೆ. “ಕೈ ಬರವಲ್ದು” ಎನ್ನುತ್ತಾನೆ. ಬಂದ ದಿನ, “ಮೈಮ್ಯಾಲೆ ಬಂದಂಗಾತು” ಎನ್ನುತ್ತಾನೆ. ದೇವರು ಬರುವುದಕ್ಕೂ ದೆವ್ವ ಬರುವುದಕ್ಕೂ ಕನ್ನಡದಲ್ಲಿ ಇದೊಂದೇ ಮಾತು ಇರುವುದು ನಿಮ್ಮ ಅದೃಷ್ಟ.

ಕೊನೆಯ ದೃಶ್ಯ

ಪೊಲೀಸರು ಬಂದು ಹಿಡಿಯುವುದು, ಸತ್ತವರ ಆತ್ಮಗಳು ಸುತ್ತುವರಿಯುವುದು, ಎಲ್ಲವೂ ಕನಸಾಗಿತ್ತು ಎಂಬುದು, ಈ ಮೂರನ್ನೂ ಬರೆದು ನೋಡಿ ಹರಿದು ಹಾಕಿದ್ದೇನೆ. ಹೊಗಳಿಕೆಯಿಂದ ಹುಟ್ಟಿದ ಕಥೆ ಹೊಗಳುವವರ ನಡುವೆಯೇ ಮುಗಿಯಬೇಕು.

ಬರೆಯಲು ಮುಖಗಳು ಮುಗಿದ ರಾತ್ರಿ ಹಾಲೇಶ ತನ್ನದೇ ಪಾಸ್‌ಪೋರ್ಟ್ ಫೋಟೊದ ಮೇಲೆ ಚೌಕ ಎಳೆಯುತ್ತಾನೆ. ದಾರ ಬಡಿಯುವ ಸದ್ದು ಒಂದು, ಎರಡು, ಮೂರು. ಬೆಳಿಗ್ಗೆ ಓಣಿಯವರು ಬಾಗಿಲು ಒಡೆದಾಗ ಅವನ ಬದುಕಿನ ಅತಿ ಚೆಂದದ ಚಿತ್ರ ಗೋಡೆಗೆ ಒರಗಿದೆ, ಕಣ್ಣುಗಳ ಜಾಗ ಮಾತ್ರ ಖಾಲಿ. ಯಾರೂ ಅವನತ್ತ ನೋಡುವುದಿಲ್ಲ. ಸಾವ್ಕಾರರ ಮಗ ಮುಂದೆ ಬಂದು, ಕಣ್ಣಿಲ್ಲದ ಚಿತ್ರಕ್ಕೆ ಹಾರ ಹಾಕಬಹುದೇ ಎಂದು ಕೇಳುತ್ತಾನೆ. ಒಬ್ಬರು ಬಾರದು ಎನ್ನುತ್ತಾರೆ, ಇನ್ನೊಬ್ಬರು ಕನ್ನಡಕ ಬರೆಸಿದರೆ ನಡೆಯುತ್ತದೆ ಎನ್ನುತ್ತಾರೆ. ಫ್ಲೆಕ್ಸ್ ಅಂಗಡಿಯ ಹುಡುಗ ಮೊಬೈಲ್ ತೆಗೆದು ಚಿತ್ರದ ಫೋಟೊ ಹೊಡೆದುಕೊಂಡು, “ಕಣ್ಣು ನಾ ಕಂಪ್ಯೂಟರ್‌ನಾಗೆ ಹಾಕ್ತೀನಿ ಬಿಡ್ರಿ, ಎಷ್ಟು ಫೀಟ್ ಬೇಕು?” ಎನ್ನುತ್ತಾನೆ. ಆರೋ ಎಂಟೋ ಎಂದು ಅವರು ವಾದ ಮಾಡುತ್ತಿರುವಾಗಲೇ ಕತ್ತರಿಸಿ.